ಪ್ರತಿ ಸಲ ಯೂರಿನ್ ಟೆಸ್ಟ್ ಯಾಕ್ರಿ ಮೇಡಂ?

ಈ ತಿಂಗಳ ಬಂದ ಪ್ರಶ್ನಿಗಳೊಳಗ ಬಾಳಷ್ಟು ಬಸುರಿಯರ ಬಿಪಿ, ಕಾಲ್ಬಾವು, ಯೂರಿನ್ ರಿಪೋರ್ಟ್ ಇದರ ಸುತ್ತಾನೇ ಅವ, ಅದಕ್ಕ ಉಳಿದದ್ದೆಲ್ಲ ಮುಂದಿನ ಸಂಚಿಕಿಗಿ ಇಟ್ಟು ಇವತ್ತ ಇದೊಂದೇ ವಿಷಯ ಹಿಡ್ಕೊಂಡೀನಿ. ಹೆಸರು ಯಾರದೂ ಹಾಕಿಲ್ಲ, ಪತ್ರಗಳನ್ನ ಸಣ್ಣು ಮಾಡೀನಿ.

ಪ್ರಶ್ನೆ: ನಂದು ಇದು ಮೊದಲನೇದು, ಈಗ ಆರನೇ ತಿಂಗಳ ನಡದದ. ದವಾಖಾನಿಗಿ ಹೋದಾಗೊಮ್ಮಿ ಸಿಸ್ಟರ್ ಕೈಯಾಗ ಡಬ್ಬಿ ಕೊಟ್ಟು ಯೂರಿನ್ ತಗೊಂಡ್ ಬಾ ಅಂತಾರ. ಪ್ರತಿ ಸಲ ನಾರ್ಮಲ್ ಅಂತೇ ಬರದದ. ಅಲ್ಲಿ ಬಾತ್‌ರೂಮ್‌ನಾಗ ನೀರು ಇರಂಗಿಲ್ಲ, ಎಲ್ಲಾರ ಮುಂದ ಡಬ್ಬಿ ಹಿಡ್ಕೊಂಡು ಬರಾಕ ನಾಚಿಕಿ ಬೇರೆ. ಹೋದ ಸಲ ಹೇಳದೇ ಬಂದುಬಿಟ್ಟೆ. ಒಮ್ಮಿ ನಾರ್ಮಲ್ ಬಂದಮ್ಯಾಲ ಮತ್ತ ಮತ್ತ ಎದಕ್ಕರಿ? (ಸೇಡಂ ತಾಲೂಕು)

ಉತ್ತರ: ತಂಗಿ, ನಿನ್ನ ನಾಚಿಕಿ ನನಗ ತಿಳೀತದ, ನೀರಿಲ್ಲದ ಬಾತ್‌ರೂಮ್ ಬಸುರಿಗಿ ತೋರಿಸೋದು ದವಾಖಾನಿಯವರ ತಪ್ಪು, ನಿಂದಲ್ಲ. ಆದ್ರ ಟೆಸ್ಟ್ ಮಾತ್ರ ಬಿಡಬ್ಯಾಡವಾ, ಅದೂ ಈಗಂತೂ ಬಿಡಲೇಬ್ಯಾಡ, ಯಾಕಂದ್ರ ನಿನಗ ಈಗಷ್ಟೇ ಆ ಟೆಸ್ಟಿನ ಖರೇ ಕೆಲಸದ ಟೈಮ್ ಸುರು ಆಗ್ಯದ. ಅವರು ಹುಡುಕೋದು ಪ್ರಿ-ಎಕ್ಲಾಂಪ್ಸಿಯಾ ಅನ್ನೋ ತೊಂದ್ರಿ, ನಮ್ಮ ಕಡಿ ಹಿರಿಯರು ಬಸುರಿ ನಂಜು ಅಂತಾರಲ್ಲ, ಹೆಚ್ಚು ಕಮ್ಮಿ ಅದೇ. ಇದು 20 ವಾರ ಆದಮ್ಯಾಲ, ಅಂದ್ರ ಐದು ತಿಂಗಳ ದಾಟಿದಮ್ಯಾಲ ಬರೋದು. ಹಂಗಾಗಿ ಮೂರನೇ ತಿಂಗಳದಾಗ ನಾರ್ಮಲ್ ಬಂದದ ಅಂದ್ರ ಎಂಟನೇ ತಿಂಗಳಕ್ಕ ಅದು ಏನೂ ಗ್ಯಾರಂಟಿ ಕೊಡಂಗಿಲ್ಲ. ಹೋದ ವಾರ ಕ್ಲೀನ್ ಇದ್ದ ಯೂರಿನ್ ಈ ವಾರ ಎರಡು ಪ್ಲಸ್ ಆಗಬಹುದು, ವಾರ್ಡಿನ್ಯಾಗ ಇದನ್ನ ನಾವು ನೋಡ್ತಾನೇ ಇರ್ತೀವಿ.

ಒಳಗ ಏನಾಗ್ತದ ಅಂದ್ರ, ಮಾಸು, ಅಂದ್ರ ಕೂಸಿಗಿ ರಕ್ತ ಮುಟ್ಟಿಸೋ ಪ್ಲಾಸೆಂಟಾ, ಅದು ಗರ್ಭಕೋಶದಾಗ ಸರಿಯಾಗಿ ಬೇರು ಬಿಟ್ಟಿರಂಗಿಲ್ಲ, ಅಲ್ಲಿಯ ರಕ್ತನಾಳ ಎಷ್ಟು ಅಗಲ ಆಗಬೇಕಿತ್ತೋ ಅಷ್ಟು ಆಗಿರಂಗಿಲ್ಲ. ಕೂಸು ಬೆಳೀತಾ ಬೆಳೀತಾ ರಕ್ತ ಸಾಲದ ಆ ಮಾಸು ಕೆಲವೊಂದು ಪದಾರ್ಥ ತಾಯಿ ರಕ್ತಕ್ಕ ಬಿಡ್ತದ, ಅವು ಮೈತುಂಬ ಇರೋ ರಕ್ತನಾಳದ ಒಳಪದರ ಕೆಡಸ್ತಾವ. ಅದರಿಂದ ಬಿಪಿ ಏರ್ತದ, ಲಿವರ್, ಮಿದುಳು, ಕಿಡ್ನಿ ಎಲ್ಲಾ ಕಡಿ ಪೆಟ್ಟು ಬೀಳ್ತದ. ಕಿಡ್ನಿ ಸಾಣಿಗಿ ಇದ್ದಂಗ, ತೂತು ದೊಡ್ಡು ಆದ್ರ ಕೆಳಗ ಬೀಳಬಾರದ್ದು ಬೀಳ್ತದ, ಹಂಗ ರಕ್ತದಾಗ ಇರಬೇಕಾದ ಅಲ್ಬುಮಿನ್ ಅನ್ನೋ ಪ್ರೋಟೀನ್ ಯೂರಿನ್‌ನಾಗ ಸೋರ್ತದ. ಸಿಸ್ಟರ್ ಆ ಡಬ್ಬಿಯೊಳಗ ಹುಡುಕೋದು ಇದನ್ನೇ. ನಿನಗ ಮೈ ಬಿಸಿ ಇಲ್ಲ, ನೋವಿಲ್ಲ, ಏನೂ ಗೊತ್ತಾಗಂಗಿಲ್ಲ, ಆದ್ರ ಒಳಗ ಸೋರಾಕ ಸುರು ಆಗಿರ್ತದ.

ಮುಂದಿನ ಸಲ ನಾಚ್ಕೊಳ್ಳದೇ ನಿಂತು ನೋಡು. ಬಾಟ್ಲಿಯಿಂದ ಒಂದು ಸಣ್ಣ ಪ್ಲಾಸ್ಟಿಕ್ ಪಟ್ಟಿ ತಗೀತಾರ, ಅದರ ತುದಿಗಿ ಹಳದಿ ಚೌಕ ಅಂಟಿಸಿರ್ತದ, ಯೂರಿನ್‌ನಾಗ ಅದ್ದಿ ಅಂಚಿಗಿ ಸವರಿ ಹೆಚ್ಚಿನದು ತಗದು ಗಡಿಯಾರ ನೋಡಿ ಸುಮಾರು 60 ಸೆಕೆಂಡ್ ಬಿಡ್ತಾರ. ಆಮ್ಯಾಲ ಬಾಟ್ಲಿ ಮ್ಯಾಲಿನ ಬಣ್ಣದ ಚೌಕಗಳ ಬಾಜೂಕ ಹಿಡಿದು ಬೆಳಕಿನ್ಯಾಗ ನೋಡ್ತಾರ. ಹಳದಿ ಹಳದಿಯಾಗೇ ಉಳಿದ್ರ ಇಲ್ಲ ಅಂತ, ಹಸಿರಿಗಿ ತಿರುಗಿದಂಗ ಟ್ರೇಸ್, 1+, 2+, 3+. 1+ ಅಂದ್ರ 100 ಎಂಎಲ್ ಯೂರಿನ್‌ನಾಗ ಸುಮಾರು 30 ಮಿಲಿಗ್ರಾಂ, 2+ ಅಂದ್ರ 100, 3+ ಅಂದ್ರ 300. ಮೊದಲು ಸಬ್ ಸೆಂಟರ್‌ಗಳಾಗ ಸ್ಪಿರಿಟ್ ದೀಪದ ಮ್ಯಾಲ ಗಾಜಿನ ನಳಿಗಿ ಹಿಡಿದು ಯೂರಿನ್ ಕಾಯಿಸಿ ಎರಡು ಹನಿ ಅಸಿಟಿಕ್ ಆಸಿಡ್ ಹಾಕಿ, ಬೆಳ್ಳಗ ಮೋಡ ಕಟ್ಟಿದ್ದು ಕರಗದೇ ಉಳೀತೇನು ಅಂತ ನೋಡ್ತಿದ್ರು. ಈ ಪದ್ಧತಿ ಬಾಳ ಹಳೇದು, 1843ರಾಗ ಲಂಡನ್ನಿನ ಗೈಸ್ ಆಸ್ಪತ್ರಿಯ ಜಾನ್ ಲೀವರ್ ಅನ್ನೋ ಡಾಕ್ಟರ್ ಈ ತೊಂದ್ರಿ ಏರಿ ಫಿಟ್ಸ್ ಬಂದ ಬಸುರಿಯರ ಯೂರಿನ್‌ನಾಗ ಅಲ್ಬುಮಿನ್ ಅದ ಅಂತ ತೋರಿಸಿಕೊಟ್ಟ, ಆಗಿನ್ನೂ ತೋಳಿಗಿ ಪಟ್ಟಿ ಕಟ್ಟಿ ಬಿಪಿ ನೋಡೋ ಮಷಿನ್ ಕೂಡ ಬಂದಿರಲಿಲ್ಲ.

ಡಬ್ಬಿ ಹಿಡಿಯೋದರ ಬಗ್ಗೆ ಯಾರೂ ಬಿಡಿಸಿ ಹೇಳಂಗಿಲ್ಲ, ನಾ ಹೇಳ್ತೀನಿ. ಬರೇ ನೀರಿನಿಂದ ಮುಂದಿನಿಂದ ಹಿಂದಕ್ಕ ತೊಳಕೋ, ಮೊದಲನೇ ಸ್ವಲ್ಪ ಹೊರಗ ಬಿಡು, ನಡುವಿನದು ಹಿಡಿ. ಮನೀದು ಉಪ್ಪಿನಕಾಯಿ ಡಬ್ಬಿ, ಸಾಬೂನು ಹಚ್ಚಿ ತೊಳೆದ ಬಾಟ್ಲಿ ಬ್ಯಾಡ. ಬಿಳಿ ಹೋಗೋದು ಜಾಸ್ತಿ ಇದ್ರ, ಉರಿಮೂತ್ರ ಇದ್ರ, ಹನಿ ರಕ್ತ ಏನರೆ ಕಂಡಿದ್ರ ಮೊದಲೇ ಹೇಳು, ಅದರಿಂದನೂ ಸುಳ್ಳು ಪ್ಲಸ್ ಬರ್ತದ. ಒಂದು ಬಾಟ್ಲಿ ನೀರು ಮನಿಯಿಂದನೇ ಒಯ್ಯಿ, ಅಲ್ಲಿ ನೀರಿಲ್ಲದ್ದಕ್ಕ ಟೆಸ್ಟ್ ತಪ್ಪಬಾರದು.

ಪ್ರಶ್ನೆ: ಸೊಸಿಗಿ ಏಳನೇ ತಿಂಗಳ. ಯೂರಿನ್‌ನಾಗ ಪ್ರೋಟೀನ್ 1+ ಅಂತ ಬರೆದಾರ. ಅಂಗನವಾಡಿದಾಗ ದಿನಾ ತತ್ತಿ ತಿಂತಾಳ, ಮನ್ಯಾಗ ಬ್ಯಾಳಿ ಜಾಸ್ತಿ, ಅದಕ್ಕೇ ಹಿಂಗಾಗ್ಯದ ಅಂತ ತತ್ತಿ, ಬ್ಯಾಳಿ, ಉಪ್ಪು ಮೂರೂ ಬಂದ್ ಮಾಡಿಸೀನಿ. ಸರಿ ಅದ ಏನ್ರಿ? (ಹುಮನಾಬಾದ್)

ಉತ್ತರ: ಅವ್ವಾರ, ನಿಮ್ಮ ಕಾಳಜಿ ದೊಡ್ಡದು, ಆದ್ರ ಇವತ್ತೇ ಸಂಜಿಗಿ ಆಕಿಗಿ ಬ್ಯಾಳಿ ಬಡಸ್ರಿ, ನಾಳಿಯಿಂದ ತತ್ತಿ ಸುರು ಮಾಡಸ್ರಿ. ತಿಂದ ಪ್ರೋಟೀನ್ ಯೂರಿನ್‌ನಾಗ ಇಳಿಯಂಗಿಲ್ಲ. ತತ್ತಿ ತಿಂದ್ರ ಅದು ಹೊಟ್ಟ್ಯಾಗ ಜೀರ್ಣ ಆಗಿ ತಾಯಿ ಮೈಗಿ, ಕೂಸಿನ ಮೈಗಿ ಹೋಗ್ತದ. ಯೂರಿನ್‌ನಾಗ ಕಾಣೋ ಅಲ್ಬುಮಿನ್ ಆಕಿಯ ರಕ್ತದಾಗಿಂದು, ಕಿಡ್ನಿ ಸೋರಿ ಬಂದದ್ದು. ಈಗಾಗ್ಲೇ ಸೋರ್ತಿರೋ ಹೆಣ್ಮಗಳಿಗಿ ತಾಟಿನ್ಯಾಗಿಂದೂ ಕಸಗೊಂಡ್ರ ಹೆಂಗ್ರಿ? ಅಂಗನವಾಡಿ ಮಾತೃಪೂರ್ಣ ಊಟ ಒಂದು ದಿನನೂ ತಪ್ಪಿಸಬ್ಯಾಡ್ರಿ. ಉಪ್ಪು ಪೂರ್ತಿ ಬಿಡಿಸಿದ್ರ ಈ ತೊಂದ್ರಿ ಕಮ್ಮಿ ಆಗ್ತದ ಅನ್ನೋದೂ ಖರೇ ಅಲ್ಲ, ಹಪ್ಪಳ ಉಪ್ಪಿನಕಾಯಿ ಹಿಡತದಾಗ ಇರ್ಲಿ, ಸಪ್ಪನ ರೊಟ್ಟಿ ಪಲ್ಯ ತಿನ್ನಿಸಬ್ಯಾಡ್ರಿ. ಆಕಿಗಿ ಬೇಕಾದದ್ದು ಕ್ಯಾಲ್ಸಿಯಂ, ಸರ್ಕಾರಿ ದವಾಖಾನಿದಾಗ ಕೊಡೋ 500 ಮಿಲಿಗ್ರಾಂ ಗುಳಿಗಿ ದಿನಕ್ಕ ಎರಡು. ಊಟದಾಗ ಕ್ಯಾಲ್ಸಿಯಂ ಕಮ್ಮಿ ಇರೋ ಬಸುರಿಯರಿಗಿ ಅದು ಪ್ರಿ-ಎಕ್ಲಾಂಪ್ಸಿಯಾ ಬರೋದನ್ನ ಕಮ್ಮಿ ಮಾಡ್ತದ ಅಂತ ವಿಶ್ವ ಆರೋಗ್ಯ ಸಂಸ್ಥೆನೂ ಹೇಳ್ಯದ. ರಕ್ತದ ಗುಳಿಗಿ ಜೋಡಿ ಒಮ್ಮಿಗೇ ನುಂಗಿಸಬ್ಯಾಡ್ರಿ, ಎರಡಕ್ಕೂ ನಡುವ ಕಡಿಮಿ ಅಂದ್ರ ಎರಡು ತಾಸು ಬಿಡ್ರಿ.

ಇನ್ನು ಆ 1+. ಒಂದು ಪ್ಲಸ್ ನೋಡಿ ಅಳಬ್ಯಾಡ್ರಿ, ಸುಮ್ನೂ ಕೂಡಬ್ಯಾಡ್ರಿ. ಬಿಸಲಾಗ ನೀರು ಕುಡೀದೇ ಇದ್ರ ಯೂರಿನ್ ಗಟ್ಟಿಯಾಗಿ ಒಂದು ಪ್ಲಸ್ ಬರ್ತದ, ಇನ್ಫೆಕ್ಷನ್ ಇದ್ರ ಬರ್ತದ. ಕೆಲಸ ಎರಡೇ, ಅದೇ ದಿನ ಬಿಪಿ ಎಷ್ಟಿತ್ತು ಕೇಳ್ರಿ, ಮತ್ತ ಪ್ರೋಟೀನ್ ಕ್ರಿಯಾಟಿನಿನ್ ರೇಶಿಯೋ ಅನ್ನೋ ಟೆಸ್ಟ್ ಮಾಡಸ್ರಿ. ಇದಕ್ಕ ಒಂದು ಸಲದ ಯೂರಿನ್ ಸಾಕು. ಯೂರಿನ್ ತೆಳ್ಳಗಿರ್ಲಿ ಗಟ್ಟಿ ಇರ್ಲಿ, ಕ್ರಿಯಾಟಿನಿನ್, ಅಂದ್ರ ಕಿಡ್ನಿ ದಿನಾ ಹೊರಗ ಹಾಕೋ ಮೈಯ ಕಸ, ಅದರ ಜೋಡಿ ಹಿಡಿದು ಅಳೀತಾರ, ಅದಕ್ಕ ಪಟ್ಟಿಗಿಂತ ನಂಬಿಗಸ್ತ. 0.3 ಅಥವಾ ಅದಕ್ಕ ಮ್ಯಾಲ ಬಂದ್ರ ಖರೇನೇ ಸೋರ್ತದ ಅಂತ. ಕೆಲವು ಕಡಿ 24 ತಾಸಿನ ಯೂರಿನ್ ಕೇಳ್ತಾರ, ಅದರಾಗ 300 ಮಿಲಿಗ್ರಾಂ ಗಡಿ. ಮುಂಜಾನಿ ಎದ್ದ ಮೊದಲನೇದು ಚೆಲ್ಲಿ ಅಲ್ಲಿಂದ ಮರುದಿನ ಮುಂಜಾನಿ ಮೊದಲನೇದರ ತನಕ ಒಂದು ಹನಿ ಬಿಡದೇ ಕ್ಯಾನಿನ್ಯಾಗ ಕೂಡಸಬೇಕು, ನಡುವ ಒಮ್ಮಿ ಮರೆತ್ರ ಪೂರಾ ಲೆಕ್ಕ ಕೆಡ್ತದ, ಅದಕ್ಕ ಈಗ ರೇಶಿಯೋನೇ ಹೆಚ್ಚು ಬಳಸ್ತಾರ.

ಪ್ರಶ್ನೆ: ನಾನು ಶಾಲಿ ಟೀಚರ್, 33 ವಾರ. ಬಿಪಿ 150/100 ಇದೆ ಅಂತ ಅಡ್ಮಿಟ್ ಮಾಡ್ಯಾರ, ಆದರೆ ಯೂರಿನ್ ಅಲ್ಬುಮಿನ್ ನಿಲ್. ಅಲ್ಬುಮಿನ್ ಇಲ್ಲ ಅಂದ್ರೆ ಪ್ರಿ-ಎಕ್ಲಾಂಪ್ಸಿಯಾ ಅಲ್ಲ ಅಂತ ಓದೀನಿ. ಸುಮ್ನೆ ಹೆದರಿಸ್ತಾರೇನೋ ಅಂತ ಮನೀಗಿ ಹೋಗಬೇಕು ಅಂತಿದ್ದೀನಿ. (ಬೀದರ್)

ಉತ್ತರ: ಹೋಗಬ್ಯಾಡ್ರಿ ಟೀಚರ್. ನೀವು ಓದಿದ್ದು ಹಳೇ ಲೆಕ್ಕ. ಮೊದಲು ಬಿಪಿ ಜೋಡಿ ಅಲ್ಬುಮಿನ್ ಇದ್ರೇನೇ ಆ ಹೆಸರು ಇಡ್ತಿದ್ರು, 2013ರಾಗ ಅಮೆರಿಕದ ಸ್ತ್ರೀರೋಗ ತಜ್ಞರ ಕಾಲೇಜು ಅದನ್ನ ಬದಲಿ ಮಾಡ್ತು, ಈಗ ಬಾಳ ಕಡಿ ಅದೇ ನಡೀತದ. 20 ವಾರ ಆದಮ್ಯಾಲ ನಾಲ್ಕು ತಾಸಿನ ಅಂತರದಾಗ ಎರಡು ಸಲ ಬಿಪಿ 140/90 ದಾಟಿ, ಯೂರಿನ್‌ನಾಗ ಏನೂ ಇಲ್ಲದಿದ್ರೂ ಪ್ಲೇಟ್‌ಲೆಟ್, ಅಂದ್ರ ರಕ್ತ ಹೆಪ್ಪುಗಟ್ಟಿಸೋ ಕಣ, 1 ಲಕ್ಷದ ಕೆಳಗ ಬಿದ್ರ, ಲಿವರ್ ಎನ್ಜೈಮ್ ದುಪ್ಪಟ್ಟು ಆದ್ರ, ರಕ್ತದಾಗ ಕ್ರಿಯಾಟಿನಿನ್ 1.1 ದಾಟಿದ್ರ, ಪುಪ್ಪಸದಾಗ ನೀರು ತುಂಬಿದ್ರ, ಗುಳಿಗಿ ನುಂಗಿದ್ರೂ ಹೋಗದ ತಲಿನೋವು ಇಲ್ಲಾ ಕಣ್ಣು ಮಂಜಾಗೋದು ಸುರು ಆದ್ರ ಅದು ಪ್ರಿ-ಎಕ್ಲಾಂಪ್ಸಿಯಾನೇ. ಅಲ್ಬುಮಿನ್ ಕಾಣೋಕ್ಕಿಂತ ಮೊದಲೇ ಫಿಟ್ಸ್ ಬಂದವರೂ ಇದ್ದಾರ. ನಿಮ್ಮ ಡಾಕ್ಟರ್ ರಕ್ತದ ಟೆಸ್ಟ್ ಮಾಡಿ, ಬಿಪಿ ಚಾರ್ಟ್ ಹಾಕಿ, ಕೂಸಿನ ಸ್ಕ್ಯಾನ್ ನೋಡಿ ನಿರ್ಧಾರ ಮಾಡಬೇಕು ಅಂತ ಇಟ್ಕೊಂಡಾರ, ಅದು ಸರೀನೇ ಅದ.

ಪ್ಲಸ್ ಜಾಸ್ತಿ ಇದ್ರ ರೋಗ ಜಾಸ್ತಿ ಅಂತ ಸುದ್ದಾ ಅಲ್ಲ. ಒಮ್ಮಿ ಸೋರೋದು ಖಾತ್ರಿ ಆದಮ್ಯಾಲ ದಿನಾ ಅದನ್ನೇ ಅಳಕೋತ ಕೂಡೋದರಿಂದ ಲಾಭಿಲ್ಲ, ಹೆರಿಗಿ ಯಾವಾಗ ಮಾಡಸಬೇಕು ಅನ್ನೋದು ಬಿಪಿ, ರಕ್ತದ ರಿಪೋರ್ಟ್, ತಾಯಿ ಲಕ್ಷಣ, ಕೂಸಿನ ಸ್ಥಿತಿ ಮ್ಯಾಲ ನಿಂತದ. ಬಿಪಿ ಹಿಡತದಾಗಿದ್ರ ಸಾಮಾನ್ಯವಾಗಿ 37 ವಾರದ ತನಕ ಕಾಯ್ತಾರ, 160/110 ದಾಟೋದು, ಪ್ಲೇಟ್‌ಲೆಟ್ ಬೀಳೋದು ಇಂಥದ್ದು ಇದ್ರ 34ಕ್ಕೇ ತಗೀತಾರ. ಮಾಸು ಹೊರಗ ಬಂದ ಮ್ಯಾಲೇನೇ ಈ ರೋಗ ಇಳಿಯಾಕ ಸುರು ಆಗೋದು, ಗುಳಿಗಿಯಿಂದ ಬಿಪಿ ಇಳೀತದ, ರೋಗ ಹೋಗಂಗಿಲ್ಲ.

ಪ್ರಶ್ನೆ: ನಾನು ಬೆಂಗಳೂರಾಗ ಬಿಲ್ಡಿಂಗ್ ಕೆಲಸಕ್ಕ ಇದ್ದೀನಿ, ಹೆಣ್ತಿ ನನ್ನ ಜೋಡಿ ಇದ್ಲು. ಕುಬಸ ಆತು, ಈಗ ತವರುಮನಿಗಿ ಜೇವರ್ಗಿ ಕಡಿ ಕಳಿಸೀವಿ. ಇಲ್ಲಿ ತೋರಿಸಿದ್ದ ತಾಯಿ ಕಾರ್ಡ್ ರೂಮಿನ್ಯಾಗೇ ಉಳಿದದ. ನಿನ್ನಿ ಫೋನಿನ್ಯಾಗ ಮುಖ ಬಾತದ, ಬಳಿ ಬಿಗಿ ಆಗ್ಯಾವ ಅಂತಾಳ. ಅತ್ತಿ ಅಂತಾರ ಎಲ್ಲಾ ಬಸುರಿಯರಿಗಿ ಆಗ್ತದ ಅಂತ. ಏನ್ ಮಾಡ್ಲಿರಿ? (ಶಹಾಪುರ)

ಉತ್ತರ: ತಮ್ಮಾ, ನಿನಗ ಪತ್ರಿಕಿ ಬರೋ ತನಕ ಕಾಯಿಸಿಲ್ಲ, ನಮ್ಮ ಆಫೀಸಿನಿಂದ ಪತ್ರ ಬಂದ ದಿನಾನೇ ಫೋನ್ ಮಾಡಿ ದವಾಖಾನಿಗಿ ಒಯ್ಯಾಕ ಹೇಳಿಸೀವಿ. ಇಲ್ಲಿ ಬರೆಯೋದು ಬಾಕಿ ಮಂದಿ ಸಲುವಾಗಿ, ಯಾಕಂದ್ರ ನಮ್ಮ ಭಾಗದಾಗ ನನಗ ಎಲ್ಲಕ್ಕಿಂತ ಹೆಚ್ಚು ಹೆದರಿಕಿ ಆಗೋದು ಇದೇ ವಿಷಯಕ್ಕ. ದುಡಿಯಾಕ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಅಂತ ಹೋಗಿರ್ತೀರಿ, ಅಲ್ಲಿ ಎಲ್ಲೋ ಒಂದೆರಡು ಸಲ ತೋರಿಸಿರ್ತೀರಿ, ಏಳನೇ ತಿಂಗಳಿಗಿ ಕುಬಸ ಮಾಡಿ ತವರಿಗಿ ಕಳಸ್ತೀರಿ, ತವರೂರಿನ ಆಶಾ ಅಕ್ಕನಿಗಿ ಈಕಿ ಬಂದದ್ದೇ ಗೊತ್ತಿರಂಗಿಲ್ಲ. ಏಳರಿಂದ ಒಂಬತ್ತನೇ ತಿಂಗಳ, ಈ ತೊಂದ್ರಿ ಹೆಚ್ಚು ಕಾಣಿಸ್ಕೊಳ್ಳೋ ಟೈಮ್ ಅದು, ಅದೇ ಟೈಮಿಗಿ ನಮ್ಮ ಹೆಣ್ಮಕ್ಕಳು ಯಾರ ಲೆಕ್ಕಕ್ಕೂ ಸಿಗದೇ ನಡುವ ಉಳೀತಾರ. ಕುಬಸಕ್ಕ ಸೀರಿ, ಬಳಿ, ಉಡಿ ತುಂಬೋ ಸಾಮಾನು ಎಲ್ಲಾ ಚೀಲಕ್ಕ ಹಾಕ್ತೀರಿ, ತಾಯಿ ಕಾರ್ಡ್ ಮ್ಯಾಲೇ ಹಾಕ್ರಿ. ಕಾರ್ಡ್ ಮರೆತಿದ್ರ ಅದರ ಪ್ರತಿ ಹಾಳಿ ಫೋಟೋ ತಗದು ವಾಟ್ಸಪ್ ಮಾಡು, ಇವತ್ತೇ ಮಾಡು. ತವರಿಗಿ ಹೋದ ವಾರದಾಗೇ ಅಲ್ಲಿ ಹೆಸರು ಹಚ್ಚಸ್ರಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ದವಾಖಾನಿಗಳಾಗ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಾಗ ಡಾಕ್ಟರೇ ಬಸುರಿಯರನ್ನ ನೋಡ್ತಾರ, 2016ರಿಂದ ನಡದದ, ಬಿಪಿ, ಯೂರಿನ್, ರಕ್ತ ಎಲ್ಲಾ ಪುಕ್ಕಟ್ಟೆ.

ಬಾವಿನ ಬಗ್ಗೆ ನಿಮ್ಮ ಅತ್ತಿ ಹೇಳಿದ್ದು ಅರ್ಧ ಖರೇ ಅದ. ಸಂಜಿಗಿ ಪಾದ ಬಾಯೋದು, ರಾತ್ರಿ ಮಲಗಿ ಎದ್ದ ಮ್ಯಾಲ ಇಳಿಯೋದು ಬಾಳ ಬಸುರಿಯರಿಗಿ ಆಗ್ತದ. ಮುಂಜಾನಿ ಎದ್ದಾಗೇ ಮುಖ, ಕಣ್ಣಿನ ಕೆಳಗ ಬಾತಿದ್ರ, ಕುಬಸದಾಗ ಇಟ್ಟ ಹಸಿರು ಬಳಿ ಮುಂಗೈಯಾಗ ಸಿಕ್ಕೊಂಡು ಗುರುತು ಬಿದ್ರ, ಒಂದೇ ವಾರದಾಗ ತೂಕ ಭಸಕ್ಕನ ಏರಿದ್ರ ಅದು ಬೇರೆ. ಅದರ ಜೋಡಿ ತಲಿನೋವು, ಕಣ್ಣ ಮುಂದ ಮಿಂಚು, ಎದಿಗುಂಡಿ ಕೆಳಗ ಬಲಗಡಿ ನೋವು, ವಾಂತಿ, ಕೂಸು ಹೊರಳೋದು ಕಮ್ಮಿ ಆಗೋದು, ಇದರಾಗ ಒಂದಿದ್ರೂ ರಾತ್ರಿ ಆದ್ರೂ ಸರಿ 108ಕ್ಕ ಫೋನ್ ಮಾಡ್ರಿ. ಆ ನೋವಿಗಿ ಪಿತ್ತ ಆಗ್ಯದ ಗ್ಯಾಸ್ ಆಗ್ಯದ ಅಂತ ಸೋಡಾ ಕುಡಿಸಿ ಮಲಗಸ್ತಾರ, ಅದು ಲಿವರ್ ಬಾತದ್ದಿರಬಹುದು.

ಫಿಟ್ಸ್ ಬಂದ್ರ ಗಾಳಿ ಬಡದದ ಅಂತ ಗುಡಿಗಿ, ದರ್ಗಾಕ್ಕ ಮೊದಲು ಒಯ್ಯಬ್ಯಾಡ್ರಿ, ಕೈ ಮುಗಿದು ಹೇಳ್ತೀನಿ. ದೇವರಿಗಿ ಹರಕಿ ಮನಸ್ಸಿನ್ಯಾಗೇ ಹೊರ್ರಿ, ಆಕಿನ್ನ ಎಡಮಗ್ಗಲಿಗಿ ಮಲಗಸ್ರಿ, ಬಾಯಾಗ ಚಮಚ ತುರಕಬ್ಯಾಡ್ರಿ, ನೀರು ಹಾಕಬ್ಯಾಡ್ರಿ, ಕೈಯಾಗ ಕಬ್ಬಿಣ ಕೊಟ್ಟು ಟೈಮ್ ಕಳೀಬ್ಯಾಡ್ರಿ. ಮ್ಯಾಗ್ನೀಸಿಯಂ ಸಲ್ಫೇಟ್ ಅನ್ನೋ ಇಂಜೆಕ್ಷನ್ ಅದ, ಬಾಳ ಸಸ್ತಾ ಔಷಧ, ಪ್ರಿ-ಎಕ್ಲಾಂಪ್ಸಿಯಾ ಇದ್ದವರಿಗಿ ಕೊಟ್ರ ಫಿಟ್ಸ್ ಬರೋದು ಅರ್ಧಕ್ಕರ್ಧ ಕಮ್ಮಿ ಆಗ್ತದ ಅಂತ 2002ರ ಮ್ಯಾಗ್‌ಪೈ ಅನ್ನೋ ದೊಡ್ಡ ಅಧ್ಯಯನ ತೋರಿಸ್ಯದ. ದೊಡ್ಡ ದವಾಖಾನಿಗಿ ಕಳಸೋಕ್ಕಿಂತ ಮೊದಲು ಅದರ ಮೊದಲನೇ ಡೋಸ್ ಊರಿನ ಹತ್ತಿರದ ಆರೋಗ್ಯ ಕೇಂದ್ರದಾಗೇ ಸಿಸ್ಟರ್ ಕೊಡಬಹುದು, ಎರಡೂ ಕುಂಡಿಗಿ 5 ಗ್ರಾಂನಂಗ. ಇದನ್ನ ಕೊಟ್ರೇನು ಅಂತ ಕೇಳಾಕ ನಿಮಗ ಹಕ್ಕದ. ಆಮ್ಯಾಲ ಕಲಬುರಗಿದಾಗ ಜಿಮ್ಸ್, ಬೀದರದಾಗ ಬ್ರಿಮ್ಸ್, ಯಾದಗಿರಿದಾಗ ಯಿಮ್ಸ್ ಅನ್ನೋ ದೊಡ್ಡ ಸರ್ಕಾರಿ ದವಾಖಾನಿಗಳು ಅವ.

ಪ್ರಶ್ನೆ: ಮೆಡಿಕಲ್‌ನಾಗ ಯೂರಿನ್ ಪಟ್ಟಿ ಸಿಗ್ತಾವ, ಮನ್ಯಾಗೇ ನೋಡ್ಕೊಂಡ್ರ ನಡೀತದೇನು? ಮತ್ತ ಈ ತೊಂದ್ರಿ ಬರೋಕ್ಕಿಂತ ಮೊದಲೇ ಯೂರಿನ್‌ನಾಗ ಗೊತ್ತಾಗೋ ಹೊಸ ಟೆಸ್ಟ್ ಬಂದದ ಅಂತಾರ, ಖರೇನಾ? ನಮ್ಮ ಅಕ್ಕಗ ಹೋದ ಸಲ ಹಿಂಗಾಗಿ ಏಳೂವರಿ ತಿಂಗಳಿಗೇ ಹೆರಿಗಿ ಮಾಡ್ಸಿದ್ರು, ಈಗ ಮತ್ತ ಎರಡು ತಿಂಗಳ ಅದ. (ಕಲಬುರಗಿ)

ಉತ್ತರ: ನಿಮ್ಮ ಅಕ್ಕನ ಮಾತು ಮೊದಲು. ಹೋದ ಸಲ ಅಷ್ಟು ಲಗೂ ಬಂದಿದ್ರ ಈ ಸಲ ಮತ್ತ ಬರೋ ಅಪಾಯ ಜಾಸ್ತಿ, ಅದಕ್ಕ ಯಾವ ಹೊಸ ಟೆಸ್ಟೂ ಬೇಕಾಗಿಲ್ಲ, ಆ ಹಿಂದಿನ ಚೀಟಿನೇ ದೊಡ್ಡ ಟೆಸ್ಟ್. 12 ವಾರ ಆಗೋಷ್ಟರಾಗ ಅದನ್ನ ಹಿಡ್ಕೊಂಡು ಡಾಕ್ಟರ್ ಹತ್ರ ಹೋಗಿ ಕಡಿಮಿ ಡೋಸಿನ ಆಸ್ಪಿರಿನ್ ಬಗ್ಗೆ ಕೇಳ್ರಿ. 2017ರಾಗ ಬಂದ ಆಸ್ಪ್ರೆ ಅನ್ನೋ ಅಧ್ಯಯನದಾಗ ಅಪಾಯ ಹೆಚ್ಚಿದ್ದ ಬಸುರಿಯರಿಗಿ ಮೂರನೇ ತಿಂಗಳಿನ ಹೊತ್ತಿಗಿ ಸುರು ಮಾಡಿ 36 ವಾರದ ತನಕ ರಾತ್ರಿ 150 ಮಿಲಿಗ್ರಾಂ ಕೊಟ್ಟಾಗ, 37 ವಾರಕ್ಕಿಂತ ಮೊದಲು ಹೆರಿಗಿ ಮಾಡಸಬೇಕಾಗೋ ಥರದ ಪ್ರಿ-ಎಕ್ಲಾಂಪ್ಸಿಯಾ 62% ಕಮ್ಮಿ ಆತು. 16 ವಾರದೊಳಗ ಸುರು ಮಾಡಿದ್ರ ಛಲೋ. ತಾವೇ ತಗೊಂಡು ನುಂಗೋದಲ್ಲ, ಅಸ್ತಮಾ, ಹೊಟ್ಟಿಹುಣ್ಣು ಇದ್ದವರಿಗಿ ಡಾಕ್ಟರ್ ಬ್ಯಾರೇನೇ ವಿಚಾರ ಮಾಡ್ತಾರ. ಮೊದಲಿಂದ ಬಿಪಿ, ಶುಗರ್, ಕಿಡ್ನಿ ತೊಂದ್ರಿ ಇದ್ದವರು, ಅವಳಿ ಕೂಸು ಇದ್ದವರು, ಎಸ್ಎಲ್ಇ (ಮೈಯ ರಕ್ಷಣಾ ಶಕ್ತಿನೇ ಮೈಗಿ ತಿರುಗಿ ಬೀಳೋ ರೋಗ) ಇದ್ದವರು ಇವರೂ ಇದನ್ನ ಕೇಳಬೇಕು.

ಯೂರಿನ್ ಪಟ್ಟಿ ಮುಂದಾಗೋದನ್ನ ಹೇಳಂಗಿಲ್ಲ, ಸೋರಾಕ ಸುರು ಆದಮ್ಯಾಲೇ ತೋರಸ್ತದ. ಮೊದಲೇ ತಿಳಿಯಾಕ ಅಂತ 11ರಿಂದ 13 ವಾರದಾಗ ಬಿಪಿ, ಗರ್ಭಕೋಶದ ರಕ್ತನಾಳದಾಗ ರಕ್ತ ಹೆಂಗ ಹರೀತದ ಅಂತ ನೋಡೋ ಡಾಪ್ಲರ್ ಸ್ಕ್ಯಾನ್, ಪಿಎಲ್‌ಜಿಎಫ್ ಅನ್ನೋ ರಕ್ತದ ಟೆಸ್ಟ್ ಕೂಡಿಸಿ ಲೆಕ್ಕ ಹಾಕ್ತಾರ, ದೊಡ್ಡ ಊರಾಗ ಸಿಗ್ತದ, ರೊಕ್ಕ ಹತ್ತತದ. ಯೂರಿನ್‌ನಾಗ ಕಾಂಗೋ ರೆಡ್ ಬಣ್ಣ ಕಲಿಸಿ ಕಾಗದದ ಮ್ಯಾಲ ಹನಿ ಬಿಟ್ಟು ನೋಡೋದೊಂದು ಅದ, ಈ ರೋಗ ಇದ್ದವರ ಯೂರಿನ್‌ನಾಗ ಸರಿಯಾಗಿ ಮಡಚಿಕೊಳ್ಳದ ಪ್ರೋಟೀನ್ ಇರ್ತಾವ, ಅವು ಆ ಬಣ್ಣ ಹಿಡಕೋತಾವ, ಹಂಗಾಗಿ ಕೆಂಪು ಕಾಗದಕ್ಕ ಅಂಟದೇ ಹರಡ್ತದ. ಸಂಶೋಧನಿದಾಗ ಆಶಾ ಹುಟ್ಟಿಸ್ಯದ, ಅಗ್ಗದ್ದು ಆಗಬಹುದು, ನಮ್ಮಂಥ ಜಿಲ್ಲಾಕ್ಕ ಇಂಥದ್ದೇ ಬೇಕು ಅಂತ ನನಗೂ ಅನಸ್ತದ, ಆದ್ರ ನಮ್ಮ ದವಾಖಾನಿಗಳಾಗ ದಿನಾ ಮಾಡೋ ಟೆಸ್ಟ್ ಅಲ್ಲ ಅದು, ಅದಕ್ಕ ಕಾಯ್ಕೋತ ಇರೋ ಚೆಕಪ್ ತಪ್ಪಿಸಬ್ಯಾಡ್ರಿ.

ಮನ್ಯಾಗ ಪಟ್ಟಿ ಬಳಸಬಹುದು, ಬಾಟ್ಲಿ ಮುಚ್ಚಳ ಗಟ್ಟಿ ಹಾಕ್ರಿ, ತಾರೀಖು ನೋಡ್ರಿ, ನಮ್ಮ ಏಪ್ರಿಲ್ ಮೇ ಬಿಸಲಾಗ ಕಿಡಕಿ ಮ್ಯಾಲ, ಗಾಡಿಯೊಳಗ ಇಟ್ರ ಕೆಡ್ತಾವ. ಆದ್ರ ಎರಡರಾಗ ಒಂದಕ್ಕೇ ರೊಕ್ಕ ಅದ ಅಂದ್ರ ತೋಳಿಗಿ ಕಟ್ಟೋ ಬಿಪಿ ಮಷಿನ್ ತಗೋರಿ. ಐದು ನಿಮಿಷ ಕುಂತು, ಕಾಲು ನೆಲಕ್ಕಿಟ್ಟು, ಮಾತಾಡದೇ ನೋಡಬೇಕು. ಒಂದು ವಹಿದಾಗ ತಾರೀಖು ಹಾಕಿ ಬರೀರಿ. 140/90 ಬಂದ್ರ ಅದೇ ದಿನ ತೋರಸ್ರಿ, 160/110 ಬಂದ್ರ ಅದೇ ತಾಸು ಹೊರಡ್ರಿ.

ಪ್ರಶ್ನೆ: ಬಿಪಿ ಜಾಸ್ತಿ ಆಗಿ ಸಿಜೇರಿಯನ್ ಆತು, ಹತ್ತು ದಿನ ಆಗ್ಯಾವ. ಕೂಸು ಛಲೋ ಅದ. ಹೆರಿಗಿ ಆದಮ್ಯಾಲ ಬಿಪಿ ಗುಳಿಗಿ ಬ್ಯಾಡ ಅಂತಾರ ಮನ್ಯಾಗ, ತಲಿ ಸಿಡೀತದ, ಥಂಡಿ ಗಾಳಿ ಹೊಕ್ಕದ ಅಂತ ತಲಿಗಿ ಕಟ್ಟಿ ಮಲಗಸ್ಯಾರ. (ಆಳಂದ)

ಉತ್ತರ: ತಂಗಿ, ತಲಿಗಿ ಕಟ್ಟಿದ್ದು ಇರ್ಲಿ, ಇವತ್ತ ಬಿಪಿ ನೋಡಸಬೇಕು. ಹೆರಿಗಿ ಆದಮ್ಯಾಲನೂ ಫಿಟ್ಸ್ ಬರ್ತಾವ, ಮೊದಲನೇ 48 ತಾಸಿನ್ಯಾಗ ಹೆಚ್ಚು, ಆದ್ರ ಆರು ವಾರದ ತನಕ ಹೆದರಿಕಿ ಇದ್ದೇ ಇರ್ತದ. ಗುಳಿಗಿ ಡಾಕ್ಟರ್ ಬಿಡು ಅನ್ನೋ ತನಕ ಬಿಡಬ್ಯಾಡ, ಬಾಣಂತಿಗಿ ಕೊಡೋ ಬಿಪಿ ಗುಳಿಗಿ ಹಾಲು ಕುಡಿಸೋರಿಗಿ ನಡೆಯೋದನ್ನೇ ನೋಡಿ ಬರೀತಾರ. ಬಾಣಂತಿ ಹೊರಗ ಹೋಗಬಾರದು ಅಂದ್ರ ಆಶಾ ಅಕ್ಕಗ, ಸಿಸ್ಟರ್‌ಗ ಫೋನ್ ಮಾಡಿ ಮನಿಗೇ ಕರೀರಿ, ಅವರು ಬಂದು ನೋಡ್ತಾರ. ಯೂರಿನ್‌ನಾಗ ಅಲ್ಬುಮಿನ್ ಇಳಿಯಾಕ ವಾರಗಟ್ಟಲೆ ಹಿಡೀತದ, ಅದಕ್ಕ ಈಗ ಪ್ಲಸ್ ಇದ್ರ ಗಾಬರಿ ಬ್ಯಾಡ, ಮೂರು ತಿಂಗಳಿಗಿ ಇನ್ನೊಮ್ಮಿ ಮಾಡ್ಸು, ಆಗಲೂ ಸೋರ್ತಿದ್ರ ಕಿಡ್ನಿ ಡಾಕ್ಟರಿಗಿ ತೋರಸಬೇಕು. ಈ ಸಲದ ಡಿಸ್ಚಾರ್ಜ್ ಕಾರ್ಡ್ ಕೂಸಿನ ಲಸಿಕಿ ಕಾರ್ಡಿನ ಜೋಡಿ ಇಟ್ಕೋ, ಮುಂದಿನ ಬಸುರಿಗೂ ಬೇಕು, ವಯಸ್ಸಾದಮ್ಯಾಲ ಬಿಪಿ, ಹೃದಯದ ಡಾಕ್ಟರಿಗೂ ಅದನ್ನ ತೋರಸಬೇಕಾಗ್ತದ.